ಇಪ್ಪತ್ತು ಹೆಜ್ಜೆ

ಜೇನು ಸಾಕುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಕಾರವಾರದ ಅಂಚೆ ಕಚೇರಿಯಲ್ಲಿ ನಗದವರೇ ಇರಲಿಲ್ಲ. ಎರಡು ಸಲ ತುಳಸಿ ಗಿಡ ಒಣಗಿಸಿದವಳು ಹುಳ ಸಾಕುತ್ತಾಳಂತೆ ಎಂದು ಪೋಸ್ಟ್‌ಮ್ಯಾನ್ ರವಿಕಿರಣ ಊರೆಲ್ಲ ಸಾರಿಕೊಂಡು ಬಂದ. ಯಾರಾದರೂ ನಕ್ಕರೆ ನನಗೆ ಹಟ ಹೆಚ್ಚು. ಮುಂದಿನ ಭಾನುವಾರವೇ ಗಂಡ ನಿತೇಶನನ್ನು ಹೊರಡಿಸಿಕೊಂಡು ಹಿಲ್ಲೂರಿಗೆ ಹೋಗಿ, ಮೂವತ್ತು ವರ್ಷದಿಂದ ಜೇನು ಸಾಕುತ್ತಿರುವ ಸೋಮಣ್ಣನ ಮನೆಯಿಂದ ಒಂದು ಪೆಟ್ಟಿಗೆ ತುಡುವೆ ಜೇನು ತಂದೆ. ಸಂಜೆ ಹುಳಗಳೆಲ್ಲ ಗೂಡು ಸೇರಿದ ಮೇಲೆ ಸೋಮಣ್ಣ ಪೆಟ್ಟಿಗೆಯ ಬಾಗಿಲಿಗೆ ಬಟ್ಟೆ ತುರುಕಿ ಕೊಟ್ಟಿದ್ದ. ಅಂಕೋಲೆ ದಾಟಿ, ಕಾಳಿ ಸೇತುವೆ ದಾಟಿ ಚಿತ್ತಾಕುಲದ ನಮ್ಮ ಮನೆ ಮುಟ್ಟುವವರೆಗೆ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇತ್ತು. ಒಳಗಿನ ಗುಂಯ್ ಸದ್ದು ನನ್ನ ಮೂಳೆಗೆ ತಾಗುತ್ತಿತ್ತು.

ಹಿತ್ತಲ ಮಾವಿನ ಮರದ ಕೆಳಗೆ ಪೆಟ್ಟಿಗೆ ಇಟ್ಟೆವು. ಇರುವೆ ಹತ್ತದಂತೆ ಅದರ ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರು ತುಂಬಿದ ತೆಂಗಿನ ಕರಟ. ನನ್ನ ಅತ್ತೆ ಯಶೋದಾ, ನಾವೆಲ್ಲ ಆಯಿ ಎನ್ನುವುದು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ನೋಡಿದರು.

"ಊರು ಹೊಸದು. ಇವಕ್ಕೆ ಮನೆ ಗೊತ್ತಾಗೂದು ಹ್ಯಾಂಗೆ?"

ಮರುದಿನ ಬೆಳಿಗ್ಗೆ ಅದಕ್ಕೆ ಉತ್ತರ ಸಿಕ್ಕಿತು. ಹೊರಬಂದ ಯಾವ ಹುಳವೂ ನೆಟ್ಟಗೆ ಹಾರಿಹೋಗಲಿಲ್ಲ. ಪ್ರತಿಯೊಂದೂ ತಿರುಗಿ ಪೆಟ್ಟಿಗೆಗೆ ಮುಖ ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡುತ್ತ ನೋಡಿತು. ಆಮೇಲೆ ದೊಡ್ಡ ಸುತ್ತು, ಇನ್ನೂ ದೊಡ್ಡ ಸುತ್ತು. ಆಯಿ ಒದ್ದೆ ಸೀರೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. "ಗುರ್ತು ಮಾಡ್ಕೊಳ್ತಾವೆ," ಎಂದರು ಮೆಲ್ಲಗೆ. ಮೊಬೈಲಿನಲ್ಲಿ ನೋಡಿ ಕಲಿತದ್ದನ್ನು ಅವರಿಗೆ ವಿವರಿಸಬೇಕೆಂದಿದ್ದ ನಾನು ಬಾಯಿ ಮುಚ್ಚಿಕೊಂಡೆ.

ಆಮೇಲಿನ ಎರಡು ತಿಂಗಳು ನನ್ನ ಪಾಡು ಕೇಳಬೇಡಿ. ಒಮ್ಮೆ ಕರಟದ ನೀರು ಆರಿ ಇರುವೆ ನುಗ್ಗಿದವು. ಒಮ್ಮೆ ರೆಪ್ಪೆಗೇ ಕಚ್ಚಿಸಿಕೊಂಡು ಒಂದೇ ಕಣ್ಣಲ್ಲಿ ಕೌಂಟರಿನಲ್ಲಿ ಕೂತೆ. ಆದರೆ ಒಂದು ದಿನ ಮೇಣದ ಎರಿಯನ್ನು ಬಿಸಿಲಿಗೆ ಎತ್ತಿ ಹಿಡಿದಾಗ ಪ್ರತಿ ಕೋಣೆಯ ತಳದಲ್ಲೂ ಬಿಳಿ ದಾರದ ತುಣುಕಿನಂಥ ಒಂದೊಂದು ಮೊಟ್ಟೆ ಕಂಡಿತು. ಇಷ್ಟು ಸಣ್ಣದರಲ್ಲಿ ಅಷ್ಟೆಲ್ಲ ಇದೆಯಲ್ಲ ಎಂದು ಆ ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಮೇ ಕೊನೆಗೆ ನಾನು ತಪ್ಪು ಮಾಡಿದೆ. ಮಳೆಗೆ ಮುಂಚೆ ಎಲ್ಲವನ್ನೂ ಒಳಗೆ ತರುವುದು ನಮ್ಮ ಕಡೆಯ ರೂಢಿ. ಸೌದೆ, ತೆಂಗಿನಕಾಯಿ, ಒಣಮೀನು ಎಲ್ಲ ಒಳಗೆ ಬಂದಿತ್ತು. ಶನಿವಾರ ಕತ್ತಲಾದ ಮೇಲೆ ನಾನೂ ನಿತೇಶನೂ ಸೇರಿ ಜೇನಿನ ಪೆಟ್ಟಿಗೆಯನ್ನೂ ಸ್ಟ್ಯಾಂಡನ್ನೂ ಹಿತ್ತಲ ಜಗಲಿಗೆ ತಂದೆವು. ಮಾವಿನ ಮರದಿಂದ ಬರೀ ಇಪ್ಪತ್ತು ಹೆಜ್ಜೆ. ಇನ್ನು ಇವಕ್ಕೆ ಒಂದು ಹನಿಯೂ ತಾಗದು ಎಂದು ಹೆಮ್ಮೆಯಿಂದ ಮಲಗಿದೆ.

ಭಾನುವಾರವಾದರೂ ಪಾಳಿ ಇದ್ದುದರಿಂದ ಬೆಳಿಗ್ಗೆ ನಿತೇಶ ಗೋವಾದ ಕಂಪನಿ ಬಸ್ಸು ಹತ್ತಿ ಕೆಲಸಕ್ಕೆ ಹೋದ. ಹತ್ತು ಗಂಟೆಗೆ ಹಿತ್ತಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಮಾವಿನ ಮರದ ಕೆಳಗೆ, ಪೆಟ್ಟಿಗೆಯೇ ಇಲ್ಲದ ಜಾಗದಲ್ಲಿ, ಸಾವಿರಾರು ಹುಳಗಳು ಗಾಳಿಯಲ್ಲಿ ತೂಗುತ್ತಿದ್ದವು. ಎಲ್ಲೆಲ್ಲೋ ಅಲ್ಲ, ಸೊಂಟದೆತ್ತರದಲ್ಲಿ, ಬಾಗಿಲು ಇದ್ದಷ್ಟೇ ಎತ್ತರದಲ್ಲಿ. ಇಲ್ಲದ ಬಾಗಿಲಿಗೆ ಮುಖ ಮಾಡಿ ಸಾಲಾಗಿ ಬರುತ್ತಿದ್ದವು, ಸಿಗದೆ ಹಿಂದೆ ಸರಿಯುತ್ತಿದ್ದವು, ಮತ್ತೆ ಬರುತ್ತಿದ್ದವು. ದಣಿದವು ಅಲ್ಲೇ ಉಳಿದಿದ್ದ ಕರಟಗಳ ಅಂಚಿಗೆ ಒತ್ತೊತ್ತಾಗಿ ಕೂತಿದ್ದವು. ಒಂದು ನನ್ನ ಮೊಣಕೈ ಮೇಲಿಳಿಯಿತು. ಅದರ ಎರಡೂ ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆ. ಮನೆಗೆಂದು ಹೊತ್ತು ತಂದದ್ದು.

ಜಗಲಿಯ ಪೆಟ್ಟಿಗೆ ಅಲ್ಲೇ, ಕಣ್ಣಿಗೆ ಕಾಣುವಷ್ಟು ಹತ್ತಿರ. ಮನೆ ಬದಲಾಯಿಸಿದವರ ಟಪಾಲಿಗೆ ಹೊಸ ವಿಳಾಸ ಬರೆದು ಕಳಿಸುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ಇವುಗಳಿಗೆ ಎಲ್ಲಿ ಬರೆಯುವುದು? ನನಗೆ ಅಳು ಬಂತು. ಅದರಲ್ಲಿ ಭಯ ಅರ್ಧ, ಬೆರಗು ಅರ್ಧ.

ಸೋಮಣ್ಣನಿಗೆ ಫೋನು ಮಾಡಿದೆ.

"ಅಕ್ಕೋರೆ, ಅವು ಸೌದೆ ಅಲ್ಲ, ಒಳಗೆ ತಂದು ಒಟ್ಟೂಕೆ," ಎಂದ. "ಹಿಲ್ಲೂರಿಂದ ಅಷ್ಟು ದೂರ ಒಯ್ದಾಗ ಎಲ್ಲಾ ಹೊಸದು, ಹೊಸದಾಗಿ ಕಲ್ತವು. ಇಪ್ಪತ್ತು ಹೆಜ್ಜೆಗೆ ಯಾಕೆ ಕಲಿತಾವೆ? ಹಳೇ ದಾರಿ ಕಾಣ್ತದಲ್ಲ. ಮೊದ್ಲಿದ್ದಲ್ಲೇ ಇಡಿ, ಒಂದಿಂಚೂ ಆಚೀಚೆ ಆಗೂದು ಬೇಡ. ಮಳೆ ಬಂದ್ರೆ ಹೊರಗಿದ್ದದ್ದೆಲ್ಲ ಸಾಯ್ತಾವೆ. ಮತ್ತೆ ಪೆಟ್ಟಿಗೆ ಉಳಿಯೂದಿಲ್ಲ."

ಸಮುದ್ರದ ಕಡೆ ಆಕಾಶ ಆಗಲೇ ಕಪ್ಪಾಗಿತ್ತು. ಎರಡು ತಿಂಗಳಲ್ಲಿ ತುಂಬಿಕೊಂಡ ಪೆಟ್ಟಿಗೆ ಈಗ ಒಬ್ಬಳಿಂದ ಎತ್ತುವ ಭಾರವಲ್ಲ. ಯಾರನ್ನು ಕರೆಯಲಿ ಎಂದು ತಿರುಗಿದರೆ ಆಯಿ ಆ ಹುಳಗಳ ನಡುವೆ ನಿಂತಿದ್ದರು. ಒಂದು ಜೇನು ಅಡಿಗೆಮನೆಗೆ ಬಂದರೂ ಕಿಟಕಿ ಮುಚ್ಚಿಸುವವರು, ಸೆರಗನ್ನು ತಲೆಗೆ ಸುತ್ತಿಕೊಂಡು, ಕೈ ಇಳಿಬಿಟ್ಟು ನಿಂತಿದ್ದರು. ಮೈಮೇಲೆಲ್ಲ ಕೂತಿದ್ದವು, ಒಂದೂ ಕಚ್ಚಲಿಲ್ಲ.

"ಆ ಬದಿ ನೀ ಹಿಡಿ," ಎಂದರು.

ಮೊದಲು ಸ್ಟ್ಯಾಂಡ್ ತಂದು ಅದರ ಕಾಲುಗಳನ್ನು ಅವೇ ನಾಲ್ಕು ಕರಟಗಳಲ್ಲಿ ಇಟ್ಟೆವು. ಕರಟ ತೆಗೆಯಲು ಮರೆತಿದ್ದ ನನ್ನ ಸೋಮಾರಿತನವೇ ಗುರುತಾಯಿತು. ಆಮೇಲೆ ಪೆಟ್ಟಿಗೆ. ಬಾಗಿಲು ತನ್ನ ಜಾಗಕ್ಕೆ ಬಂದು ನಿಲ್ಲುತ್ತಲೇ ನಾಲ್ಕೈದು ಹುಳಗಳು ಹೊಸ್ತಿಲಲ್ಲಿ ಹಿಂಬದಿ ಮೇಲೆತ್ತಿ, ಕಾಲೂರಿ ನಿಂತು, ರೆಕ್ಕೆ ಬೀಸತೊಡಗಿದವು. ಹಾರಲಿಕ್ಕಲ್ಲ, ಕರೆಯಲಿಕ್ಕೆ. ಆ ಸದ್ದೇ ಬೇರೆ. ಗಾಳಿಯಲ್ಲಿದ್ದ ಅಷ್ಟೂ ಜೀವಗಳು ಅದಕ್ಕೆ ಓಗೊಟ್ಟು ಇಳಿದು, ಒಂದನ್ನೊಂದು ತಳ್ಳದೆ, ನಡೆದುಕೊಂಡು ಒಳಗೆ ಹೋದವು. ಎಷ್ಟೋ ದೇವರಿಗೆ ಕೈ ಮುಗಿದಿದ್ದೇನೆ, ಅಂದು ಮುಗಿದ ಹಾಗೆ ಎಂದೂ ಮುಗಿದಿಲ್ಲ.

ಮೊದಲ ಹನಿಗಳು ಬಿದ್ದವು. ನಾವಿಬ್ಬರೂ ಪೆಟ್ಟಿಗೆಯ ಮೇಲೆ ತಾಡಪತ್ರಿ ಹಿಡಿದು ನಿಂತೆವು.

ಆಯಿಯ ಹಳೆಯ ಊರನ್ನು ನೌಕಾನೆಲೆಗೆಂದು ಸರಕಾರ ತೆಗೆದುಕೊಂಡದ್ದು ನನ್ನ ಮದುವೆಗೆ ಮುಂಚೆ. ಆ ಬಗ್ಗೆ ಅವರು ಒಂದು ಮಾತೂ ಆಡಿದ್ದಿಲ್ಲ. ಈಗ ಬಾಗಿಲನ್ನೇ ನೋಡುತ್ತ ಹೇಳಿದರು.

"ಮೊದ್ಲು ನೇವಿಯವ್ರ ಬೇಲಿ ಈಚೆಗೇ ಬಾಡಿಗೆ ಮನೆ ಮಾಡಿದ್ವಿ. ದಿನಾ ಬೆಳಿಗ್ಗೆ ಕೊಡ ಹಿಡ್ಕೊಂಡು ಹಳೇ ಬಾವಿಗೆ ಅಂತ ಹೋಗೂದು, ಬೇಲಿ ಹತ್ರ ನಿಲ್ಲೂದು. ಯಶೋದಾಗೆ ತಲೆ ಕೆಟ್ಟದೆ ಅಂದ್ರು. ತಲೆ ಸರೀನೇ ಇತ್ತು. ಕಾಲು ಹೋಗ್ತಿತ್ತು."

"ಆಮೇಲೆ, ಆಯಿ?"

"ಹೊಳೆ ದಾಟಿ ಇಲ್ಲಿಗೆ ಬಂದ್ವಿ. ಇಲ್ಲಿ ಎಲ್ಲಾ ಹೊಸದು. ಬಿಟ್ಟೋಯ್ತು." ತಾಡಪತ್ರಿಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದರು. "ನಂಗೆ ಯಾರೂ ಮನೆ ತಂದು ಮೊದ್ಲಿದ್ದಲ್ಲಿ ಇಡ್ಲಿಲ್ಲ ನೋಡು."

ಮಳೆ ಜೋರಾಯಿತು. ಎಲ್ಲಿಂದಲೋ ತಡವಾದ ಒಂದೇ ಒಂದು ಹುಳ ಒದ್ದೆಯಾಗಿ ಬಂದು ಅವರ ಕೈಯ ಮೇಲೆ ಬಿದ್ದಿತು. ಆಯಿ ಆ ಕೈಯನ್ನು ಮೆಲ್ಲಗೆ ಹೊಸ್ತಿಲಿಗೆ ತಾಗಿಸಿದರು.

"ಹೋಗು ಬಾಯ," ಎಂದರು, ಮಗಳಿಗೆ ಹೇಳುವ ಹಾಗೆ. "ಅಲ್ಲೇ ಅದೆ."