ಆಡಿನ ನೊಣ

ಕುಂಞಾಮಿನಳಿಗೆ ಇದ್ದದ್ದೇ ಒಂದು ಕಣ್ಣು. ಎಡಗಣ್ಣು ಚಿಕ್ಕಂದಿನಲ್ಲೇ ಮುಳ್ಳು ಚುಚ್ಚಿ ಹೋಗಿತ್ತು. ಒಂದು ದಿನ ಬೆಳಿಗ್ಗೆ ಹಟ್ಟಿಯಲ್ಲಿ ಆಡುಗಳಿಗೆ ಸೊಪ್ಪು ಕಟ್ಟುವಾಗ, ಆ ಬಲಗಣ್ಣಿಗೇ ಎಂತದೋ ನೊಣ ರಪ್ಪನೆ ಬಡಿದು ಹಾರಿಹೋಯಿತು. ದರಿದ್ರದ್ದು! ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಡವಾಯಿತು.

ಹೊಸಂಗಡಿಯಲ್ಲೆಲ್ಲ ಆ ವಾರ ಕೆಂಗಣ್ಣಿನ ಕಾಯಿಲೆ. ಕೆಂಗಣ್ಣಿನವರ ಕಣ್ಣಿಗೆ ಕಣ್ಣು ಕೊಟ್ಟು ನೋಡಿದರೆ ಸಾಕು, ನಮಗೂ ಬಂತೆಂದೇ ಊರವರ ನಂಬಿಕೆ. ಸೊಸೆ ಶಹನಾಝ್ ಹನಿಮದ್ದು, ಕಪ್ಪು ಕನ್ನಡಕ ತರಿಸಿ ದೂರದಿಂದಲೇ ಚಾಚಿದಳು. ಪಾಪ, ಅವಳನ್ನೂ ಬೈಯುವ ಹಾಗಿಲ್ಲ, ಹಸಿ ಬಾಣಂತಿ.

"ಒಳಗೆ ಎಂತದೋ ಹರಿದಾಡ್ತಾ ಉಂಟು ಮಗಳೇ."

"ಕೆಂಗಣ್ಣಿಗೆ ಹಾಗೇ ಉಮ್ಮಾ. ಹೊಯಿಗೆ ಬಿದ್ದ ಹಾಗೆ ಆಗ್ತದೆ."

ಮರಳು ಎಲ್ಲಿಯಾದರೂ ಹರಿದಾಡುತ್ತದಾ? ಆದರೂ ಕೇಳಿದವರೆಲ್ಲ ಕೆಂಗಣ್ಣೆಂದೇ ಹೇಳಿದರು. ಮರುದಿನ ರೆಪ್ಪೆ ಊದಿ, ಎದುರಿನ ಬಾಗಿಲೂ ಮಸುಕಾಯಿತು. ಒಳಗೆ ಹರಿದಾಡ್ತಾ ಉಂಟು, ಇದೂ ಹೋದರೆ ನನ್ನ ಗತಿ ಎಂತ ಅಲ್ಲಾ ಎಂದು ಅವಳು ಗೋಳಿಟ್ಟಳು.

ಬೇಲಿಯಾಚೆ ಬ್ಲೌಸ್ ಹೊಲಿಯುತ್ತಿದ್ದ ಮೋಹಿನಿಗೆ ಅದು ಕೇಳಿಸಿತು. ಕೆಲಸ ಬಿಟ್ಟು ಬಂದವಳೇ ಕನ್ನಡಕಕ್ಕೆ ಕೈ ಹಾಕಿದಳು.

"ಬೇಡ ಮಾರಾಯ್ತಿ, ನಾಡಿದ್ದು ನಿನ್ನ ಪೂಜಾಶ್ರೀಯ ಮದುವೆ. ನಿನಗೆ ಹಿಡಿದರೆ?"

"ಸುಮ್ಮನಿರಿ ಕುಂಞಾಮಿನಕ್ಕ."

ಮುಖಕ್ಕೆ ಮುಖ ತಾಗುವಷ್ಟು ಬಗ್ಗಿ, ರೆಪ್ಪೆ ಎತ್ತಿ, ಮೊಬೈಲಿನ ಟಾರ್ಚ್ ಬಿಟ್ಟಳು. ಬೆಳಕು ತಾಗಿದ್ದೇ ನೂಲಿನ ಚೂರಿನಂಥ ಬಿಳಿಯದೊಂದು ಸರಕ್ಕನೆ ಮೂಲೆಗೆ ಸರಿಯಿತು. ಹಿಂದೆಯೇ ಇನ್ನೊಂದು.

"ಅಯ್ಯೋ ದೇವರೇ, ಹುಳ!"

ರಿಕ್ಷಾ ಹಿಡಿದು ಕಾಸರಗೋಡಿಗೆ ಓಡಿದರು. ಕಣ್ಣಿನ ಡಾಕ್ಟರು ಮರಗಟ್ಟಿಸುವ ಮದ್ದು ಬಿಟ್ಟು, ಸಣ್ಣ ಚಿಮಟದಲ್ಲಿ ಒಂದೊಂದಾಗಿ ಒಂಬತ್ತು ಹುಳ ತೆಗೆದರು. "ಆಡಿನ ಮೂಗಿಗೆ ಮರಿಹುಳ ಬಿಡುವ ನೊಣ ಒಂದಿದೆ, ಅದು ನಿಮ್ಮ ಕಣ್ಣಿಗೆ ಬಿಟ್ಟಿದೆ. ಹೊತ್ತಿಗೆ ಬಂದಿರಿ. ಕಣ್ಣು ಉಳಿಯಿತು."

ಹೊರಗಿನ ಬೆಂಚಿನಲ್ಲಿ ಕೂತ ಮೇಲೆ ಕುಂಞಾಮಿನ ಕೇಳಿದಳು, "ಮಗಳ ಮದುವೆ ಇಟ್ಟುಕೊಂಡು ನನ್ನ ಕಣ್ಣು ನೋಡಿದಿಯಲ್ಲ, ಹೆದರಿಕೆ ಆಗಲಿಲ್ವಾ?"

"ಆಗದೆ ಉಂಟಾ? ಆದರೆ ಹರಿದಾಡ್ತದೆ ಅಂತ ಹೇಳಿದ್ದು ನೀವಲ್ವಾ? ನೀವು ಇಲ್ಲದ್ದನ್ನು ಹೇಳುವವರಲ್ಲ."

ಎರಡು ದಿನದಲ್ಲಿ ತನ್ನ ಮಾತನ್ನು ನಂಬಿದ್ದು ಇವಳೊಬ್ಬಳೇ. ಹುಳ ತೆಗೆಯುವಾಗ ಹಲ್ಲು ಕಚ್ಚಿ ಕೂತಿದ್ದ ಕುಂಞಾಮಿನಳಿಗೆ ಈಗ ಅಳು ತಡೆಯಲಾಗಲಿಲ್ಲ. ಮೋಹಿನಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಹೋದಳು.

"ಕಣ್ಣಿಗೆ ಎಂತದೂ ಮುಟ್ಟಿಸಬಾರದು!" ಎಂದು ನರ್ಸ್ ಗದರಿದಳು.

ಹಾಗಾಗಿ ಆ ಕೈಗಳಿಗೆ ಮುತ್ತಿಟ್ಟಳು.