ಗಂಗನಾಳದ ಸೈರನ್

ಸಂಜೆ ಯಶೋಧರಾ ಪರೀಕ್ಷೆಗೆಂದು ಬಟನ್ ಒತ್ತಿದ್ದು ಶಹಾಪುರದಲ್ಲಿ. ಸೈರನ್ ಕೂಗಬೇಕಾಗಿದ್ದುದು ಸುರಪುರ ತಾಲೂಕಿನ ಹೊಳೆದಂಡೆಯ ಗಂಗನಾಳದಲ್ಲಿ. ಪರದೆಯ ಮೇಲೆ ‘ತಲುಪಿತು’ ಎಂದು ಹಸಿರು ಅಕ್ಷರ ಮೂಡಿತು. ಗಂಗನಾಳದಲ್ಲಿ ಮಾತ್ರ ಏನೂ ಕೂಗಲಿಲ್ಲ.

ಅಣೆಕಟ್ಟಿನಿಂದ ನೀರು ಬಿಡುವ ಮೊದಲು ಕೃಷ್ಣೆಯ ದಂಡೆಯ ಊರುಗಳನ್ನು ಎಚ್ಚರಿಸಲೆಂದು ಗುತ್ತಿಗೆದಾರನೊಬ್ಬ ಊರಿಗೊಂದು ಕಬ್ಬಿಣದ ಡಬ್ಬಿ ಕೂಡಿಸಿದ್ದ. ಡಬ್ಬಿಯೊಳಗೆ ಒಂದು ಸಿಮ್, ಅಂಗೈಯಷ್ಟು ಕಂಪ್ಯೂಟರು. ಮೇಲೆ ಕಂಬಕ್ಕೆ ಸೈರನ್. ಶಹಾಪುರದ ಕೋಣೆಯಿಂದ ಡಬ್ಬಿಗಳನ್ನು ಕರೆಯುವ ಪ್ರೋಗ್ರಾಮ್ ಬರೆದವಳು ಯಶೋಧರಾ. ಡಿಪ್ಲೊಮಾ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಮಗಳ ಜಡೆ, ಬುತ್ತಿ, ಆಮೇಲೆ ಪಾಠ, ಉಳಿದ ಹೊತ್ತು ಈ ಕೆಲಸ.

ಗುತ್ತಿಗೆದಾರನ ಸೂಪರ್‌ವೈಸರ್ ಅರುಣಕುಮಾರನ ಫೋನು ಕೂಡಲೇ ಬಂತು.

“ನಿಮ್ಮ ಸ್ಕ್ರೀನ್ ಏನ್ ಅಂತದ ಮೇಡಂ?”

“ತಲುಪೇತಿ ಅಂತೈತ್ರಿ.”

“ಮುಗೀತ ಬಿಡ್ರಿ. ಆ ಯಂಕಣ್ಣ ಮೊಬೈಲ್ ಚಾರ್ಜಿಗೆ ಹಚ್ಚಾಕ ಸೈರನ್ ವಾಯರ್ ಕಿತ್ತಾನ. ಇಲ್ಲಂದ್ರ ಮಕ್ಕೊಂಡಾನ. ಸೋಮವಾರ ಬ್ಯಾರೆ ಮನಿಷ್ಯಾನ್ನ ಹಚ್ತೀನಿ.”

ಯಂಕಣ್ಣ ಗಂಗನಾಳಕ್ಕೆ ನಳದ ನೀರು ಬಿಡುವವ. ಡಬ್ಬಿಯ ಕೀಲಿಯೂ ಅವನ ಸೊಂಟದಲ್ಲೇ. ಯಶೋಧರಾ ಅವನಿಗೆ ಡಬ್ಬಿಯ ದೀಪದ ಬಣ್ಣಗಳನ್ನು ಹೇಳಿಕೊಟ್ಟಿದ್ದಳು, ಹಸಿರೆಂದರೆ ಡಬ್ಬಿ ಸರಿಯಿದೆ ಎಂದು; ಹಾಗಾಗಿ ಅವಳ ನಂಬರು ಅವನ ಬಳಿ ಇತ್ತು. ಕತ್ತಲಾಗುವ ಮೊದಲೇ ಅವನದೂ ಫೋನು ಬಂತು.

“ಅಕ್ಕಾರ, ಡಂಗುರ ಸಾರಿಸಿ, ಊರ ಮಂದೀನೆಲ್ಲಾ ಕರದು ಡಬ್ಬಿ ಮುಂದ ನಿಂತಿದ್ದೆನ್ರಿ. ಲೈಟ್ ಹಸರ ಇತ್ತು. ಕೂಗ್ಲಿಲ್ಲ. ಈಗ ‘ಯಂಕ್ಯಾ ವಾಯರ್ ಮಾರ್ಕೊಂಡ’ ಅಂತ ನಗಾಕತ್ತಾರ.”

“ಸ್ಕ್ರೀನಿನ್ಯಾಗ ತಲುಪೇತಿ ಅಂತ ಬಂದೈತಿ ಯಂಕಣ್ಣ.”

“ಸ್ಕ್ರೀನ್ ಏನು ನಮ್ಮೂರಿಗೆ ಬಂದು ಕೇಳೇತೇನ್ರಿ?”

ಆಕೆ ಕೋಡನ್ನು ಮೊದಲಿನಿಂದ ಓದಿದಳು. ಊರಿಗೊಂದು ಐಪಿ ಅಡ್ರೆಸ್ಸು, ಅಂದರೆ ಇಂಟರ್ನೆಟ್ಟಿನಲ್ಲಿ ಆ ಡಬ್ಬಿಯ ವಿಳಾಸ, ಡಬ್ಬಿ ಕೂಡಿಸಿದ ದಿನ ಬರೆದಿಟ್ಟದ್ದು. ಆ ಅಡ್ರೆಸ್ಸಿಗೆ ಸಾಕೆಟ್ ಎಂಬ ಸಂಪರ್ಕದ ಬಾಗಿಲು ತೆರೆಯುವುದು, ಗುಪ್ತಪದ ಹೇಳುವುದು, ‘ಕೂಗು’ ಅನ್ನುವುದು, ‘ಕೂಗಿದೆ’ ಎಂಬ ಉತ್ತರ ಬಂದರೆ ಮುಚ್ಚುವುದು. ಉತ್ತರವೂ ಬಂದಿತ್ತು. ತಪ್ಪೇನೂ ಕಾಣಲಿಲ್ಲ. ವಾಯರು ಕಿತ್ತಿದ್ದರೂ ಕಿತ್ತಿರಬಹುದು ಎಂದುಕೊಂಡು ಅಕ್ಕಿ ತೊಳೆಯಲು ಎದ್ದಳು.

ಮರುದಿನ ಕಾಲೇಜಿನಲ್ಲಿ ಅಟೆಂಡರ್ ಜೈತುನಬೀ ಮುಖ ಗಂಟಿಕ್ಕಿಕೊಂಡು ಕುರ್ಚಿ ಒರೆಸುತ್ತಿದ್ದಳು. ರಂಜಾನ್ ತಿಂಗಳು. ಉಪವಾಸದ ಬೇಗೆ ಇರಬೇಕೆಂದು ಯಶೋಧರಾ ಹಾಜರಿ ಪುಸ್ತಕ ತೆರೆದಳು. ಜೈತುನಬೀಯೇ ಬಾಯಿ ಬಿಟ್ಟಳು.

“ನಿನ್ನಿ ತವರಿಗೆ ಹೋಗಿದ್ದೆ ಮೇಡಂ, ತೆಗ್ಗಿನಹಾಳಕ. ಮಾಡ ಮುಸುಕಿತ್ತು. ಸೈರನ್ ಕೂಗ್ತು. ರೋಜಾ ಬಿಡೋ ಸೈರನ್ ಅಂದ್ಕೊಂಡು ನಮ್ಮ ಅಮ್ಮಿ ಬಿಸ್ಮಿಲ್ಲಾ ಅಂತ ಖಜೂರ ಬಾಯಾಗ ಹಾಕ್ಕೊಂಡ್ಲು, ನಾನೂ ನೀರು ಕುಡದೆ. ಹೊರಗ ಬಂದು ನೋಡಿದ್ರ ಮಾಡ ಸರದು ಸೂರ್ಯಾ ಹಲ್ಲ ಕಿಸ್ಯಾಕತ್ತಾನ! ಮಸೀದಿ ಸೈರನ್ ಒತ್ತೋ ಬಾಷುಮಿಯಾನ್ನ ಹಿಡದು ಕೇಳಿದ್ರ, ‘ಅಲ್ಲಾ ಕಸಂ, ನಾ ಇನ್ನೂ ಕೈಕಾಲು ತೊಳ್ಯಾಕತ್ತಿದ್ದೆ, ಬಟನ್ ಮುಟ್ಟೇ ಇಲ್ಲ’ ಅಂತಾನ. ಬಡ್ಡೀಮಗ ಸುಳ್ಳ.”

“ಮೊಬೈಲಿನ್ಯಾಗ ಟೈಮ್ ನೋಡ್ಬೇಕಿಲ್ಲೇನಕ್ಕ?”

“ಸೈರನ್ ಕೂಗಿದ ಮ್ಯಾಲ ಮೊಬೈಲ್ ಯಾರು ನೋಡ್ತಾರ್ರಿ? ಒಂದು ರೋಜಾ ಹೋತು. ಈದ್ ಆದಮ್ಯಾಲ ಮತ್ತೊಂದು ಇಡಬೇಕು. ನಾ ಇಡ್ತೀನಿ, ಅಮ್ಮೀಗೆ ಎಂಬತ್ತು ವರ್ಷ.”

ತೆಗ್ಗಿನಹಾಳವೂ ಹೊಳೆದಂಡೆಯ ಊರು. ಅಲ್ಲಿಯೂ ಒಂದು ಡಬ್ಬಿ ಇತ್ತು.

ಯಶೋಧರಾ ಪಾಠ ಬಿಟ್ಟು ಲ್ಯಾಬಿಗೆ ಹೋಗಿ, ಗಂಗನಾಳದ್ದೆಂದು ಬರೆದಿಟ್ಟ ಅಡ್ರೆಸ್ಸಿನಲ್ಲಿರುವ ಡಬ್ಬಿಯ ಹೆಸರು ಕೇಳಿದಳು. ತೆಗ್ಗಿನಹಾಳ ಎಂದು ಉತ್ತರ ಬಂತು. ಮೊನ್ನೆ ಗಾಳಿಗೆ ಎಲ್ಲ ಊರುಗಳ ಕರೆಂಟು ಹೋಗಿತ್ತು. ಬಂದಾಗ ಸಿಮ್ಮುಗಳಿಗೆ ಹೊಸ ಅಡ್ರೆಸ್ಸು ಸಿಕ್ಕಿತ್ತು. ಗಂಗನಾಳದ ಹಳೆಯದು ತೆಗ್ಗಿನಹಾಳದ ಪಾಲಾಗಿತ್ತು. ಆಕೆ ಅದನ್ನು ಮನೆ ನಂಬರಿನಂತೆ ಕೋಡಿನಲ್ಲಿ ಬರೆದು ಕೂಡಿಸಿದ್ದಳು. ಅದು ಇದ್ದದ್ದು ಬಸ್ಸಿನ ಸೀಟಿನ ಹಾಗೆ, ಚಹಾಕ್ಕೆ ಇಳಿದರೆ ಇನ್ನೊಬ್ಬರು ಕೂತಿರುತ್ತಾರೆ. ಕೂತವರನ್ನು ‘ನೀವು ಯಾರು’ ಎಂದು ಕೇಳುವ ಒಂದು ಸಾಲನ್ನು ಆಕೆ ಬರೆದಿರಲಿಲ್ಲ.

ಅರುಣಕುಮಾರ ಎಲ್ಲ ಕೇಳಿಸಿಕೊಂಡ.

“ಇದನ್ನ ಮ್ಯಾಲ ಹೇಳಿದ್ರ ಕಾಂಟ್ರಾಕ್ಟೇ ಹೋಗ್ತದ ಮೇಡಂ. ನೀವು ಸುಮ್ಮ ಸರಿ ಮಾಡ್ರಿ. ಯಂಕಣ್ಣ ಇರ್ಲಿ, ತಗ್ಯಾಂಗಿಲ್ಲ. ವಾಯರ್ ಲೂಸ್ ಇತ್ತು, ಜೋಡಿಸೀವಿ ಅಂತ ಊರಾಗ ಹೇಳಿಸ್ತೀನಿ.”

ಆಕೆ ಕೋಡನ್ನು ತಿರುವಿ ಬರೆದಳು. ಕಡೇಚೂರಿನ ಕಾರ್ಖಾನೆಗೆ ಹೋದ ಹುಡುಗರು ತಿಂಗಳಿಗೊಂದು ರೂಮು ಬದಲಿಸುತ್ತಾರೆ; ಮನೆಯವರು ಅವರನ್ನು ಹುಡುಕಿಕೊಂಡು ಹೋಗುವುದಿಲ್ಲ, ಅವರೇ ಮನೆಗೆ ಫೋನು ಮಾಡುತ್ತಾರೆ. ಇನ್ನು ಮುಂದೆ ಡಬ್ಬಿಗಳೂ ಹಾಗೇ. ಕರೆಂಟು ಬಂದು ಎಚ್ಚರವಾದ ಕೂಡಲೇ ತಾವೇ ಶಹಾಪುರಕ್ಕೆ ಸಾಕೆಟ್ ತೆರೆದು, ಹೆಸರು ಹೇಳಿ, ಸಂಪರ್ಕ ಬಿಡದೆ ಕಾಯುತ್ತವೆ. ಶಹಾಪುರದ ಅಡ್ರೆಸ್ಸು ಮಾತ್ರ ಕದಲುವುದಿಲ್ಲ.

ಯಂಕಣ್ಣನಿಗೆ ಫೋನು ಮಾಡಿ, ಕೆಲಸ ಉಳಿಯಿತು, ವಾಯರ್ ಲೂಸ್ ಇತ್ತೆಂದು ಊರಿಗೆ ಹೇಳಿಸುತ್ತಾರಂತೆ ಎಂದಳು. ಸಂತೋಷಪಡುತ್ತಾನೆ ಎಂದುಕೊಂಡಿದ್ದಳು.

“ಕೆಲಸದ್ದು ಬಿಡ್ರಿ ಅಕ್ಕಾರ. ವಾಯರ್ ಲೂಸ್ ಇತ್ತಂದ್ರ ಲೂಸ್ ಮಾಡ್ದಾವ ಯಾರು? ಕೀಲಿ ನನ್ನ ಹಂತ್ಯಾಕ ಐತಿ. ಮಂದಿ ಪಂಪ್‌ಸೆಟ್ ಹೊಳ್ಯಾಗ ಇಳಿಸ್ಯಾರ. ನಾಳಿ ಖರೇನ ನೀರು ಬಂದು ಸೈರನ್ ಕೂಗಿದ್ರ ‘ಯಂಕ್ಯಾನ ಆಟ’ ಅಂತ ಯಾರೂ ಏಳಾಂಗಿಲ್ಲ. ಆವಾಗ ಏನ್ ಮಾಡ್ಲಿ? ನೀವು ಬಂದು ಹೇಳ್ರಿ.”

“ಫೋನ್ ಸ್ಪೀಕರಿಗೆ ಹಾಕು, ಹೇಳ್ತೀನಿ.”

“ಫೋನಿನ್ಯಾಗಿನ ದನಿ ಯಾರ್ದು ಅಂತ ಹ್ಯಾಂಗ ನಂಬ್ತಾರ್ರಿ?”

ಭಾನುವಾರ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಸುರಪುರದ ಬಸ್ಸು ಹಿಡಿದಳು. ಅಲ್ಲಿಂದ ಟಂಟಂ ಆಟೋದಲ್ಲಿ ಗಂಗನಾಳ.

ಪಂಚಾಯ್ತಿ ಕಟ್ಟೆಯ ಮೇಲೆ ಗಂಡಸರು ಕೂತಿದ್ದರು, ಹೆಂಗಸರು ನಳದ ಬಳಿ ನಿಂತಿದ್ದರು. ಯಂಕಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಡಬ್ಬಿಗೆ ಬೆನ್ನು ಕೊಟ್ಟು ನಿಂತಿದ್ದ. ಯಶೋಧರಾ ಸಾಕೆಟ್ಟು, ಐಪಿ ಏನೂ ಹೇಳಲಿಲ್ಲ.

“ವಾಯರ್ ಲೂಸ್ ಇರ್ಲಿಲ್ರಿ. ನಾ ನಿಮ್ಮೂರಿಗೆ ಕಳಿಸಿದ್ದು ತೆಗ್ಗಿನಹಾಳಕ ಹೋತು. ವಿಳಾಸ ಬರದಾಕಿ ನಾನು. ಯಂಕಣ್ಣಂದು ತಪ್ಪಿಲ್ಲ.”

ಕಟ್ಟೆಯ ಮೂಲೆಯಿಂದ ಬಸವಂತ್ರಾಯ ಎಂಬ ರೈತ ಕೇಳಿದ, “ಹಂಗಾರ ಕೆಲಸದಾಗ ಮಕ್ಕೊಂಡಾಕಿ ನೀವೇನ್ರಿ?”

ಎಲ್ಲರೂ ನಕ್ಕರು.

“ಹೌದ್ರಿ, ನಾನ.”

ನಗು ಅಷ್ಟಕ್ಕೇ ನಿಂತಿತು. ಆಕೆ ಮೊಬೈಲಿನಿಂದಲೇ ಶಹಾಪುರದ ಕಂಪ್ಯೂಟರಿಗೆ ಹೊಕ್ಕಳು. ಗಂಗನಾಳ ಎಂಬ ಹೆಸರು ಕಾದು ನಿಂತಿತ್ತು. ಒತ್ತಿದಳು. ಸೈರನ್ ಕೂಗಿತು. ಕಂಬದ ಮೇಲಿನ ಕಾಗೆಗಳು ಎದ್ದವು, ಹೆಂಗಸರು ಕೂಸುಗಳ ಕಿವಿ ಮುಚ್ಚಿದರು.

ಅರುಣಕುಮಾರ ಇದನ್ನು ತಿಳಿದು ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟ, ಆದರೆ ಅದು ಆಮೇಲಿನ ಮಾತು. ಅವತ್ತು ಸದ್ದು ನಿಂತ ಮೇಲೆ ಬಸವಂತ್ರಾಯ ಕಟ್ಟೆಯಿಂದ ಇಳಿದು ಬಂದ. ಯಶೋಧರಾ ತನ್ನನ್ನೇ ಕೇಳಬಹುದೆಂದು ಮುಖ ಎತ್ತಿದಳು. ಅವನು ಆಕೆಯನ್ನು ದಾಟಿ ಹೋದ.

“ಯಂಕಣ್ಣಾ, ಇದು ಬರೇ ಟೆಸ್ಟಿಂಗ್ ಹೌದಲ್ಲ? ಹೊಳ್ಯಾಗ ಮೋಟರ್ ಐತಿ. ಎತ್ತಲೇನು?”

ಯಂಕಣ್ಣ ಡಬ್ಬಿಯ ದೀಪ ನೋಡಿದ.

“ಬ್ಯಾಡ, ಇರ್ಲಿ ಬಿಡು,” ಎಂದ. ಬಸವಂತ್ರಾಯ ತಲೆಯಾಡಿಸಿ ಮನೆಯ ಕಡೆ ನಡೆದ.