ಗುಡ್ಡಮ್ಮನನ್ನು ಹುಟ್ಟಿಸಿದವರು

ಸೊರಬದ ತ್ರ್ಯಂಬಕರು ಬಾಯಲ್ಲಿ ಸುಳ್ಳಾಡುವವರಲ್ಲ. ಹೊಟ್ಟೆಪಾಡಿಗೆ ಮಾತ್ರ ದಿನವಿಡೀ ಸುಳ್ಳು ಬರೆಯುತ್ತಾರೆ. ಶಿಕಾರಿಪುರದ ಖಾಸಗಿ ಆಸ್ಪತ್ರೆಯೊಂದರ ಕಂಪ್ಯೂಟರುಗಳ ಕಾವಲು ಅವರದು. ನಿಜವಾದ ಜಾಲದ ಪಕ್ಕದಲ್ಲೇ, ಕಂಪ್ಯೂಟರಿನೊಳಗೆ, ಇನ್ನೊಂದು ಹುಸಿ ಆಸ್ಪತ್ರೆಯನ್ನು ಕಟ್ಟಿಟ್ಟಿದ್ದಾರೆ. ಕನ್ನ ಹಾಕುವವನು ಮೊದಲು ಅಲ್ಲಿಗೆ ಬರಲಿ, ಅವನ ಕೈಚಳಕ ತಮ್ಮ ಕಣ್ಣಿಗೆ ಬೀಳಲಿ ಎಂದು.

ಚೈತ್ರದ ಬಿಸಿಲಲ್ಲೂ ಬಿಚ್ಚದ ಕಂದು ಸ್ವೆಟರು, ದಾಟಿದ ಪ್ರತಿ ಬಾಗಿಲನ್ನೂ ತಿರುಗಿ ನೋಡುವ ನಡಿಗೆ, ಏನೇ ಹೇಳಿದರೂ "ಇರ್ಲಿ, ನೋಡೋಣ" ಎಂಬ ಉತ್ತರ. ಇಷ್ಟು ಸಾಕು ಅವರನ್ನು ಗುರುತಿಸಲು. ನನಗೆ ಪ್ರಿಯವಾದದ್ದು ಅವರ ಪಂಚಾಂಗ. ಹುಸಿ ರೋಗಿಗೆ ಶಸ್ತ್ರಚಿಕಿತ್ಸೆಯ ದಿನ ಬರೆಯುವ ಮೊದಲು ತಿಥಿ ನೋಡುತ್ತಾರೆ. ಅಮಾವಾಸ್ಯೆಯಂದು ನಮ್ಮ ಸೀಮೆಯಲ್ಲಿ ಯಾರು ಹೊಟ್ಟೆ ಕೊಯ್ಸಿಕೊಳ್ಳುತ್ತಾರೆ?

"ಸುಳ್ಳಿಗೂ ಪಂಚಾಂಗ ಬೇಕೇನ್ರೀ?" ಎಂದು ಕೆಣಕಿದ್ದೆ.

"ನಿಜ ಹೆಂಗಿದ್ರೂ ನಡೀತದೆ. ಸುಳ್ಳಿಗೇ ರೀ ಪಂಚಾಂಗ ಬೇಕಾಗೋದು."

ಹಾಗೆ ಹುಟ್ಟಿದವಳು ಉಡುತಡಿಯ ಗುಡ್ಡಮ್ಮ. ವಯಸ್ಸು ಅಂದಾಜು ಅರವತ್ತು, ಸಕ್ಕರೆ ಕಾಯಿಲೆ, ಫೋನ್ ನಂಬರು ಅಳಿಯನದು, ಭತ್ತದ ಕೊಯ್ಲಿನ ನೆಪದಲ್ಲಿ ತಪ್ಪಿಸಿಕೊಂಡ ತಪಾಸಣೆ.

ಕಳೆದ ಮಾಘದಲ್ಲಿ ನಾನು ಬಿಪಿ ತೋರಿಸಲು ಹೋಗಿದ್ದ ದಿನವೇ ಕಳ್ಳ ಬಂದು ಗುಡ್ಡಮ್ಮನ ಕಡತ ತಿರುವುತ್ತಿದ್ದ. ಆಸ್ಪತ್ರೆಯ ಒಡತಿ ಡಾಕ್ಟರ್ ವೇದಾ ಬೆವೆತುಹೋಗಿದ್ದರು.

"ಬಂದಿದಾನೆ ಅಂತ ಗೊತ್ತಾದ್ಮೇಲೂ ಬಾಗ್ಲು ಹಾಕಲ್ವಲ್ರೀ ನೀವು. ನಮ್ಮ ಕಡೆಗೂ ನುಗ್ಗಿದ್ರೆ ಡಯಾಲಿಸಿಸ್‌ಗೆ ಕೂತೋರ ಗತಿ ಏನು?"

"ಈಗ ಅಟ್ಟಿದ್ರೆ ನಾಳೆ ಬೇರೆ ಕಡೆಯಿಂದ ಬರ್ತಾನೆ ಮೇಡಂ. ಯಾವ ಕೀಲಿ ತಂದಿದಾನೆ, ನೋಡೋಣ."

ಅವನು ತಂದದ್ದು ಯಂತ್ರ ರಿಪೇರಿಯವರಿಗೆ ಎಂದೋ ಕೊಟ್ಟು ಮರೆತಿದ್ದ ಪಾಸ್‌ವರ್ಡು. ಅದೇ ನಿಜವಾದ ಆಸ್ಪತ್ರೆಯನ್ನೂ ತೆರೆಯುತ್ತಿತ್ತು. ತ್ರ್ಯಂಬಕರು ಅಲ್ಲಿಯ ಕಂಪ್ಯೂಟರುಗಳನ್ನು ತುಸು ಹೊತ್ತು ನಿಲ್ಲಿಸಿ ಅದನ್ನು ಬದಲಿಸಿ ಮುಗಿಸುವಷ್ಟರಲ್ಲಿ, ಕಳ್ಳ ಇಲ್ಲಿ ಹುಸಿ ಕಡತಗಳಿಗೆಲ್ಲ ಬೀಗ ಜಡಿದು, ಹಣ ಕೇಳಿ ಬೆದರಿಕೆ ಬರೆದಿಟ್ಟಿದ್ದ. ವೇದಾ ನಿಟ್ಟುಸಿರಿಟ್ಟು ನಕ್ಕರು. ತ್ರ್ಯಂಬಕರು ಮಾತ್ರ ಸ್ವೆಟರಿನ ತೋಳು ಎಳೆದುಕೊಂಡು, "ಗುಡ್ಡಮ್ಮ ಹೋದ್ಲು ರೀ" ಎಂದರು. ನಗಲು ಹೊರಟ ನಾನು ಅವರ ಮುಖ ನೋಡಿದೆ. ಇಲ್ಲದವಳಾದರೂ ಅವಳ ಕಾಯಿಲೆ ಕಸಾಲೆಯನ್ನು ಅಷ್ಟು ದಿನ ನೋಡಿಕೊಂಡವರು ಅವರೇ ಅಲ್ಲವೇ.

ಹೊರಗೆ ಡಯಾಲಿಸಿಸ್ ಸರದಿಗೆ ಕಾದಿದ್ದ ತೊಗರ್ಸಿಯ ಬಸಕ್ಕ ಗೊಣಗುತ್ತಿದ್ದಳು. "ಏನ್ ಕಂಪ್ಯೂಟರೋ ಏನೋ, ಇವತ್ತೂ ತಡ ಆತು."

"ಇನ್ನೊಂದ್ ಗಳಿಗೆ ಅಮ್ಮಾ" ಎಂದರು ತ್ರ್ಯಂಬಕರು, ತಪ್ಪು ತಮ್ಮದೇ ಎಂಬಂತೆ.

ಕಾವಲಿನವರ ಕುಲವೇ ಇಂಥದು. ನಮ್ಮ ಸೀಮೆಯ ಬಂದಳಿಕೆ ಊರಿನ ಹಳೆಯ ಶಾಸನ, ವೀರಗಲ್ಲುಗಳಲ್ಲಿ ಗೆದ್ದವರ ಹೆಸರಿದೆ, ಮಡಿದವರ ಹೆಸರಿದೆ. ಸಂಭವಿಸದೇ ಉಳಿದ ಅನಾಹುತಕ್ಕೆ ಯಾರೂ ಶಾಸನ ಕೆತ್ತಿಸಲಿಲ್ಲ. ಇವರ ಕೆಲಸ ಪೂರ್ಣವಾಗಿ ಫಲಿಸಿದ ದಿನ ಊರಿಗೆ ಕಾಣುವುದು ತುಸು ತಡವಾದ ಒಂದು ಸರದಿ ಮಾತ್ರ.